ನಿಲ್ಲೋದು ಕಲಿತ ರೋಲರ್: ದಾಲ್ ಮಿಲ್‌ನ ನಾಲ್ಕನೇ ತಿಂಗಳ ಲೆಕ್ಕ

ಮಿಲ್‌ನಲ್ಲಿ ದಂಡ ಆಗೋದನ್ನ ಕಡಿಮೆ ಮಾಡೋ ಪ್ರಯೋಗ ಜನವರಿಯಲ್ಲಿ ಶುರು ಮಾಡಿದ್ದು, ಈಗ ಏಪ್ರಿಲ್ ಮುಗಿಯುತ್ತಾ ಬಂತು. ಕಲಬುರಗಿಯಲ್ಲಿ ಬಿಸಿಲು 42 ದಾಟಿದೆ. ಮಧ್ಯಾಹ್ನ ಮಿಲ್ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲೋಕಾಗಲ್ಲ, ಆದರೆ ಎಣ್ಣೆ ಹಚ್ಚಿದ ತೊಗರಿ ಒಣಗಿಸೋಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಊರೆಲ್ಲ ಬೈಯೋ ಬಿಸಿಲು ನಮಗೆ ಪುಕ್ಕಟೆ ಬರುವ ಡ್ರೈಯರ್.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಕಪನೂರು ಕಡೆ ಒಂದು ಚಿಕ್ಕ ದಾಲ್ ಮಿಲ್‌ನಲ್ಲಿ ಸೂಪರ್‌ವೈಸರ್. ಬಿಡದಿ ಕಡೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿರುವ ಗೆಳೆಯನೊಬ್ಬ ದೀಪಾವಳಿಗೆ ಊರಿಗೆ ಬಂದವನು ಲೀನ್ (ದಂಡ ಕಳೆದು ಕೆಲಸ ಮಾಡೋದು), ಕೈಜೆನ್ (ಸ್ವಲ್ಪ ಸ್ವಲ್ಪವೇ ಸುಧಾರಿಸುತ್ತಾ ಹೋಗೋದು) ಅಂತ ರಾತ್ರಿಯೆಲ್ಲ ತಲೆ ತಿಂದ. ಟೊಯೋಟಾ ಕಾರು ಕಂಪನಿಯ ಎಂಜಿನಿಯರ್ ತೈಚಿ ಓನೋ ಹೇಳಿದ ಏಳು ಥರದ ದಂಡಗಳನ್ನು, ಅಂದರೆ ವ್ಯರ್ಥಗಳನ್ನು, ಅವನು ಬೆರಳು ಮಡಚಿ ಎಣಿಸುತ್ತಿದ್ದ. ಬೇಕಾದ್ದಕ್ಕಿಂತ ಜಾಸ್ತಿ ತಯಾರಿಸೋದು, ಕಾಯೋದು, ಸುಮ್ನೆ ಸಾಗಿಸೋದು, ಬೇಡದ ಕೆಲಸ ಮಾಡೋದು, ರಾಶಿ ಹಾಕೋದು, ಅಡ್ಡಾಡೋದು, ಮಾಲು ಕೆಡಿಸೋದು. ಐದನೇ ಬೆರಳಿಗೆ ಬರುವಷ್ಟರಲ್ಲಿ ನನಗೆ ನಮ್ಮ ಮಿಲ್ಲೇ ಕಣ್ಣ ಮುಂದೆ ಬಂತು.

ಮಾಲಕರು ಎರಡು ಷರತ್ತು ಹಾಕಿ ಒಪ್ಪಿದರು. ದುಡ್ಡು ಕೇಳಬಾರದು, ಮಿಲ್ ನಿಲ್ಲಿಸಬಾರದು. ಎರಡನ್ನೂ ಮುರಿದೆ, ಅದನ್ನೇ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಇಷ್ಟೇ, ಸ್ಟಾರ್ಟರ್ ಪಕ್ಕ ದಾರ ಕಟ್ಟಿ ಒಂದು ನೋಟ್‌ಬುಕ್ ತೂಗು ಹಾಕಿದೆ. ಮಿಲ್ ಯಾವಾಗ ನಿಂತಿತು, ಯಾವಾಗ ಶುರುವಾಯಿತು, ಯಾಕೆ ನಿಂತಿತು. ವಾರ ಬಿಟ್ಟು ತೆಗೆದು ನೋಡಿದರೆ ಎಲ್ಲ ಸಾಲಿನಲ್ಲೂ ಒಂದೇ ಪದ: ಕರೆಂಟ್. ಕರೆಂಟ್ ಹೋಗುತ್ತೆ ನಿಜ, ಆದರೆ ಅಷ್ಟು ಸಲ ಹೋಗಿದ್ದರೆ ನನ್ನ ಟೇಬಲ್ ಫ್ಯಾನೂ ನಿಲ್ಲಬೇಕಿತ್ತು, ಅಲ್ವಾ? ಆಮೇಲೆ ಅರ್ಥವಾಯಿತು, ಕರೆಂಟ್ ಅಂತ ಬರೆದರೆ ಯಾರ ತಲೆಗೂ ಬರಲ್ಲ. ಕಾಳು ಮೇಲೆತ್ತುವ ಎಲಿವೇಟರ್‌ನ ಬೆಲ್ಟ್ ಜಾರಿತು ಅಂದರೆ ಫಿಟ್ಟರ್‌ಗೆ ಬೈಗುಳ, ಬಾರದಾನ (ಖಾಲಿ ಚೀಲ) ಇರಲಿಲ್ಲ ಅಂದರೆ ಗುಮಾಸ್ತನಿಗೆ. ಅದಕ್ಕೇ ಎಲ್ಲರೂ ಸೇರಿ ಕರೆಂಟ್ ಮೇಲೆ ಹಾಕಿದ್ದರು.

ಮಾಲಕರನ್ನು ಕರೆದುಕೊಂಡು ಬಂದು ಎಲ್ಲರ ಎದುರು ಒಂದು ಮಾತು ಹೇಳಿಸಿದೆ, ನೋಟ್‌ಬುಕ್‌ನಲ್ಲಿ ಏನಿದ್ದರೂ ಯಾರಿಗೂ ಬೈಯೋದಿಲ್ಲ ಅಂತ. ನಂಬೋಕೆ ಇನ್ನೂ ಹತ್ತು ದಿನ ಬೇಕಾಯಿತು. ಟೊಯೋಟಾ ಮನೆತನದ ಹಿರಿಯ ಸಕಿಚಿ ಟೊಯೋಡ ಮಾಡಿದ ಮಗ್ಗ ನೂಲು ಕಡಿದ ತಕ್ಷಣ ತಾನೇ ನಿಲ್ಲುತ್ತಿತ್ತಂತೆ. ಮಗ್ಗಕ್ಕೆ ಮಾಲಕರ ಭಯ ಇಲ್ಲ. ನಮ್ಮ ಆಪರೇಟರ್‌ಗೆ ಇದೆ.

ಫೆಬ್ರವರಿಯಲ್ಲಿ ನಿಜವಾದ ಕಾರಣಗಳು ಬರೋಕೆ ಶುರುವಾದವು. ಸ್ಪಾನರ್ ಹುಡುಕಿದ್ದು, ಚೀಲ ಹೊಲಿಯೋ ದಾರ ಮುಗಿದದ್ದು, ಎಲಿವೇಟರ್ ತಳದಲ್ಲಿ ಕಾಳು ಕಟ್ಟಿಕೊಂಡದ್ದು. ಸ್ಪಾನರ್‌ಗೆ ಪ್ಲೈವುಡ್ ಮೇಲೆ ಒಂದೊಂದರ ಆಕಾರ ಬರೆದು ಮೊಳೆ ಹೊಡೆದೆ, ಯಾವುದು ಕಾಣೆಯಾಗಿದೆ ಅಂತ ದೂರದಿಂದಲೇ ಗೊತ್ತಾಗುತ್ತೆ. ಆ ಫೋಟೋ ಕಳಿಸಿದ್ದಕ್ಕೆ ಸಿಕ್ಕಷ್ಟು ಶಭಾಷ್‌ಗಿರಿ ಬೇರೆ ಯಾವುದಕ್ಕೂ ಸಿಗಲಿಲ್ಲ. ಅದರಿಂದ ಉಳಿತಾಯವಾದದ್ದು ದಿನಕ್ಕೆ ಐದು ನಿಮಿಷ ಇರಬಹುದು. ನಂಬರ್ 17 ಸ್ಪಾನರ್ ಆಗಲೇ ಯಾವುದೋ ಟೆಂಪೊ ಹತ್ತಿ ಹೋಗಿದೆ.

ದೊಡ್ಡ ದಂಡ ನೋಟ್‌ಬುಕ್‌ನಲ್ಲಿ ಇರಲೇ ಇಲ್ಲ. ಯಾಕೆಂದರೆ ಅದು ಮಿಲ್ ಓಡುತ್ತಿರುವಾಗಲೇ ಆಗುತ್ತಿತ್ತು.

ಸ್ವಲ್ಪ ವಿವರ ಹೇಳಬೇಕು. ತೊಗರಿಯ ಸಿಪ್ಪೆ ಕಾಳಿಗೆ ಅಂಟಿನಿಂದ ಕಚ್ಚಿಕೊಂಡಿರುತ್ತೆ, ಸುಲಭಕ್ಕೆ ಬಿಡಲ್ಲ. ಅದಕ್ಕೇ ಮೊದಲು ರೋಲರ್‌ನಲ್ಲಿ ಗೀಚಿ, ಎಣ್ಣೆ ಸವರಿ, ಬಿಸಿಲಲ್ಲಿ ಒಣಗಿಸಿ, ನೀರು ಚಿಮುಕಿಸಿ ರಾತ್ರಿ ರಾಶಿ ಹಾಕಿ ಇಟ್ಟು, ಆಮೇಲೆ ಸಿಪ್ಪೆ ತೆಗೆಯೋದು. ಇಷ್ಟು ಮಾಡಿದರೂ ಒಂದೇ ಸಲಕ್ಕೆ ಎಲ್ಲ ಬಿಡಲ್ಲ. ಉಳಿದ ಕಾಳನ್ನು ಎರಡನೇ ರೋಲರ್‌ಗೆ ಹಾಕಬೇಕು. ನಮ್ಮಲ್ಲಿ ಮೊದಲನೇ ರೋಲರ್ ದೊಡ್ಡದು, ಹೊಸದು. ಎರಡನೇದು ಹಳೇದು, ಚಿಕ್ಕದು. ದೊಡ್ಡದು ಉಗುಳಿದ್ದನ್ನು ಚಿಕ್ಕದು ನುಂಗಲಾರದು. ಹಾಗಾಗಿ ಉಳಿದ ಕಾಳನ್ನು ಚೀಲಕ್ಕೆ ತುಂಬಿ, ಹಿಂದಿನ ಶೆಡ್‌ಗೆ ಹೊತ್ತು, ಒಟ್ಟಿ ಇಟ್ಟು, ಸಂಜೆ ಅದೇ ಚೀಲ ವಾಪಸ್ ಹೊತ್ತು ತಂದು ಸುರಿಯುತ್ತಿದ್ದರು. ದಿನಕ್ಕೆ ಸುಮಾರು ಅರವತ್ತು ಚೀಲ. ಪ್ರತಿ ಸಲ ಎತ್ತಿ ಹಾಕಿದಾಗಲೂ ಒಂದಿಷ್ಟು ಕಾಳು ಒಡೆದು ನುಚ್ಚಾಗುತ್ತೆ. ಬೇಳೆ ದರ ಎಲ್ಲಿ, ನುಚ್ಚಿನ ದರ ಎಲ್ಲಿ.

ಯಾಕೆ ಹೀಗೆ ಅಂತ ನಮ್ಮ ಹಳೇ ಆಪರೇಟರ್ ಕಾಕಾನನ್ನು ಕೇಳಿದೆ. ಐದು ಸಲ ಯಾಕೆ ಅಂತ ಕೇಳಬೇಕು ಅನ್ನೋದು ಪುಸ್ತಕದ ಪಾಠ, ನನಗೆ ಒಂದೇ ಸಲಕ್ಕೆ ಉತ್ತರ ಸಿಕ್ಕಿತು. "ಮೊದ್ಲ ಒಂದಾ ರೋಲರ್ ಇತ್ರಿ. ಅದ್ರಾಗೇ ಎರಡ್ ಸಲ ಹಾಕ್ಬೇಕಾಗ್ತಿತ್ತು, ಅದ್ಕ ಚೀಲ ತುಂಬತಿದ್ವಿ. ಇನ್ನೂ ಹಂಗಾ ನಡದದ ನೋಡ್ರಿ."

ಮಷೀನ್ ಬಂದು ಎಷ್ಟೋ ವರ್ಷ ಆಗಿದೆ, ಚೀಲ ತುಂಬೋದು ಮಾತ್ರ ನಿಂತಿಲ್ಲ.

ಪರಿಹಾರ ಅಗ್ಗದ್ದೇ. ಎರಡು ರೋಲರ್ ನಡುವೆ ಗುಜರಿಯ ತಗಡಿನಿಂದ ಒಂದು ಡಬ್ಬಿ ಮಾಡಿಸಿ, ಒಳಗೆ ಕೆಂಪು ಗೆರೆ ಎಳೆದೆ. ಕಾಳು ಗೆರೆ ಮುಟ್ಟಿದರೆ ಮೊದಲನೇ ರೋಲರ್‌ಗೆ ಹಾಕೋದು ನಿಲ್ಲಿಸಬೇಕು, ಇಳಿದರೆ ಮತ್ತೆ ಶುರು. ಓನೋ ಇದೇ ಉಪಾಯವನ್ನು ಅಮೆರಿಕದ ಸೂಪರ್ ಮಾರ್ಕೆಟ್‌ಗಳಿಂದ ಕಲಿತವರು. ಗಿರಾಕಿ ಎತ್ತಿಕೊಂಡು ಹೋದಷ್ಟನ್ನೇ ತಿರುಗಿ ತುಂಬೋದು. ಷರತ್ತು ಮೀರಿ ವೆಲ್ಡಿಂಗ್‌ಗೆ ದುಡ್ಡು ಕೇಳಿದ್ದು ಇಲ್ಲೇ.

ಎರಡೇ ದಿನಕ್ಕೆ ಗಲಾಟೆ. ಮಾಲಕರು ಒಳಗೆ ಬಂದಾಗ ದೊಡ್ಡ ರೋಲರ್ ಖಾಲಿ ತಿರುಗುತ್ತಿತ್ತು, ಕಾಕಾ ಕೈ ಕಟ್ಟಿಕೊಂಡು ನಿಂತಿದ್ದರು. "ಏನಪ್ಪಾ, ಇಷ್ಟ್ ರೊಕ್ಕ ಹಾಕಿ ತಂದ ಮಷೀನ್ ಸುಮ್ನ ನಿಂದ್ರಿಸಿಯಲ್ಲ?" ಅಂದರು. ನಾನು ಹಿಂದಿನ ಶೆಡ್‌ಗೆ ಕರೆದುಕೊಂಡು ಹೋಗಿ ಖಾಲಿ ಜಾಗ ತೋರಿಸಿದೆ. ಸಂಜೆ ಬೇಳೆ ಎಷ್ಟು ಬಂತು ಅಂತ ಕಾಟಾ ಮೇಲೆ ತೋರಿಸಿದೆ, ಹಿಂದಿನಷ್ಟೇ ಬಂದಿತ್ತು. ಎರಡನೇ ರೋಲರ್ ಎಷ್ಟು ನುಂಗುತ್ತೋ ಮಿಲ್ಲಿಂದ ಅಷ್ಟೇ ಬೇಳೆ ಹೊರಗೆ ಹೋಗೋದು, ಮೊದಲನೇದನ್ನು ಎಷ್ಟು ಓಡಿಸಿದರೂ ಬರೀ ಚೀಲ ಜಾಸ್ತಿ. ಮಾಲಕರು ಪೂರ್ತಿ ಒಪ್ಪಲಿಲ್ಲ, ಆದರೆ ಬೇಡ ಅನ್ನಲಿಲ್ಲ. ಕಾಕಾಗೆ ಇದಕ್ಕಿಂತ ಕಷ್ಟವಾಯಿತು. ತಾಸಿಗೆ ಇಷ್ಟು ಚೀಲ ಅರೆದೆ ಅಂತ ಹೇಳಿಕೊಂಡು ಬೆಳೆದ ಮನುಷ್ಯ, ಮಾಲಕರ ಎದುರು ಸುಮ್ನೆ ನಿಲ್ಲು ಅಂದರೆ ಅವಮಾನ ಅನ್ನಿಸದೆ ಇರುತ್ತಾ? ಈಗ ಆ ಬಿಡುವಿನಲ್ಲಿ ಜರಡಿ ತೆಗೆದು ಬಡಿಯುತ್ತಾರೆ, ಎಲಿವೇಟರ್ ತಳ ಸ್ವಚ್ಛ ಮಾಡುತ್ತಾರೆ. ಕಾಳು ಕಟ್ಟಿಕೊಂಡು ನಿಲ್ಲೋದೂ ಕಡಿಮೆಯಾಗಿದೆ. ಇದನ್ನು ನಾನು ಯೋಚನೆ ಮಾಡಿರಲಿಲ್ಲ.

ಮಾರ್ಚ್‌ನಲ್ಲಿ ಅಸಲಿ ಪೆಟ್ಟು ಬಿತ್ತು. ಹೊರುವ ಚೀಲ ಅರವತ್ತರಿಂದ ಹದಿನೈದಕ್ಕೆ ಇಳಿದಿತ್ತು, ನಾನು ಬೋರ್ಡ್ ಮೇಲೆ ದೊಡ್ಡದಾಗಿ ಬರೆದು ಖುಷಿಯಲ್ಲಿದ್ದೆ. ಹಮಾಲರಲ್ಲಿ ಒಬ್ಬ ಬಂದು ಆ ಬೋರ್ಡ್ ನೋಡಿ ಹೇಳಿದ: "ಅಣ್ಣಾ, ನಿಮಗ ದಂಡ ಅನಸಿದ್ದು ನಮಗ ಕೂಲಿ ಅದ." ಅವರಿಗೆ ಚೀಲದ ಲೆಕ್ಕದಲ್ಲಿ ಕೂಲಿ. ನಾನು ಉಳಿಸಿದ ಪ್ರತಿ ಚೀಲವೂ ಅವರ ಜೇಬಿಂದ ಹೋಗಿತ್ತು, ಎರಡು ವಾರದಿಂದ. ನಾನು ಕೇಳಿರಲೇ ಇಲ್ಲ.

ಬೋರ್ಡ್ ಅಳಿಸಿದೆ. ಮಾಲಕರ ಜೊತೆ ಮೂರು ವಾರ ಜಗ್ಗಾಡಿದ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಲಾರಿ ತುಂಬೋದು ಇಳಿಸೋದು ಹಿಂದಿನಂತೆ ಚೀಲದ ಲೆಕ್ಕ, ಮಿಲ್ ಒಳಗಿನ ಕೆಲಸಕ್ಕೆ ದಿನಗೂಲಿ, ಅದೂ ಹಳೇ ಸರಾಸರಿಗಿಂತ ಕಡಿಮೆ ಇರಬಾರದು. ಎರಡು ವಾರದ ಬಾಕಿಯನ್ನೂ ಕೊಡಿಸಿದೆ. ಟೊಯೋಟಾದವರು ತಮ್ಮ 'ಟೊಯೋಟಾ ವೇ'ಗೆ ಎರಡು ಕಂಬ ಅಂತಾರೆ, ಒಂದು ನಿರಂತರ ಸುಧಾರಣೆ, ಇನ್ನೊಂದು ಜನರಿಗೆ ಗೌರವ. ನನ್ನ ಗೆಳೆಯ ಆ ರಾತ್ರಿ ಮೊದಲನೇದನ್ನೇ ಹೇಳಿ ಮಲಗಿಬಿಟ್ಟಿದ್ದ.

ಇನ್ನೊಂದು ತಪ್ಪು, ಚಿಕ್ಕದು. ಬೇಕಾದಾಗಷ್ಟೇ ತರಿಸೋಣ ಅಂತ ಬಾರದಾನದ ಸ್ಟಾಕ್ ಇಳಿಸಿದೆ. ಯುಗಾದಿ ಹೊತ್ತಿಗೆ ಅಂಗಡಿಯವನು ಊರಿಗೆ ಹೋದ, ಒಂದೂವರೆ ದಿನ ಬೇಳೆ ನೆಲದ ಮೇಲೆ ರಾಶಿ ಬಿತ್ತು. ನೋಟ್‌ಬುಕ್‌ನಲ್ಲಿ ನನ್ನ ಹೆಸರೇ ಬರೆದಿದ್ದಾರೆ. ಮಾಲಕರು ಮಾತ್ರ ಈಗ ಉತ್ಸಾಹದಲ್ಲಿ ಗೋದಾಮಿನ ತೊಗರಿಯನ್ನೂ ಕಡಿಮೆ ಮಾಡಬಹುದಾ ಅಂತ ಕೇಳುತ್ತಿದ್ದಾರೆ. ಅದು ಆಗಲ್ಲ. ಕಾರಿನ ಬಿಡಿಭಾಗ ದಿನವೂ ತಯಾರಾಗುತ್ತೆ, ತೊಗರಿ ಗಂಜ್‌ಗೆ (ಕಾಳಿನ ಮಾರುಕಟ್ಟೆಗೆ) ಬರೋದು ಡಿಸೆಂಬರ್, ಜನವರಿ ಸುಗ್ಗಿಯಲ್ಲಿ. ಆಗ ಕೊಳ್ಳದಿದ್ದರೆ ಆಮೇಲೆ ಗಂಜ್‌ನಲ್ಲಿ ಕೇಳಿದ ರೇಟು ಕೊಡಬೇಕು. ಇಳಿಸಬೇಕಾದ ರಾಶಿ ಮಷೀನ್ ಮಷೀನ್ ನಡುವೆ ಇರೋದು.

ನುಚ್ಚು ಎಷ್ಟು ಕಡಿಮೆಯಾಯಿತು ಅಂತ ಕೆಲವರು ಕೇಳಿದ್ದಿರಿ. ಲಾಟಿನಿಂದ ಲಾಟಿಗೆ ಕಾಳು ಬೇರೆ ಇರುತ್ತೆ, ಒಂದೇ ರೈತರ ಮಾಲಿನ ಎರಡು ಲಾಟ್ ಎತ್ತಿಟ್ಟಿದ್ದೇನೆ, ಒಂದನ್ನು ಹಳೇ ಥರ, ಇನ್ನೊಂದನ್ನು ಹೊಸ ಥರ ಅರೆದು ತೂಗುತ್ತೇನೆ. ನಿನ್ನೆಯ ನೋಟ್‌ಬುಕ್ ಸಾಲು ಕಾಕಾ ಕೈಬರಹದ್ದು: "11.20, ಕೆಂಪ ಗೆರಿ, ನಾನಾ ನಿಂದ್ರಿಸಿನಿ."

ಮುಂದಿನದು ಒಣಗಿಸೋ ಅಂಗಳ. ಹೆಂಗಸರು ಬುಟ್ಟಿ ಹೊತ್ತು ದಿನಕ್ಕೆ ಎಷ್ಟು ನಡೆಯುತ್ತಾರೆ ಅಂತ ಮಳೆ ಶುರುವಾಗುವ ಮುಂಚೆ ಅಳೆಯಬೇಕು. ಈ ಸಲ ಮೊದಲು ಕೂಲಿ ಯಾವ ಲೆಕ್ಕದಲ್ಲಿ ಅಂತ ಅವರನ್ನೇ ಕೇಳಿ ಬಂದಿದ್ದೇನೆ. ದಿನಗೂಲಿ. ಟೇಪ್ ಇವತ್ತು ತರಬೇಕು.