ಸಹಿಗೆ ಮುಂಚೆ

ಇವತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಹಳೆಯ ಅಧ್ಯಯನವೊಂದನ್ನ, ಬಂಧನದಲ್ಲಿರೋ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಇರೋದನ್ನ, ಮತ್ತೆ ತೆಗೆದು ಓದಿದೆ.

1995ರಿಂದ 1998ರವರೆಗೆ, ಷಿಕಾಗೋದ ಬಾಲಬಂಧನ ಕೇಂದ್ರದಲ್ಲಿ (ಕೇಸು ನಡೀತಿರೋ ಮಕ್ಕಳನ್ನ ಇಡೋ ಜಾಗ) 1,829 ಮಕ್ಕಳ ಸಂದರ್ಶನ. ಅವರಲ್ಲಿ 657 ಹುಡುಗಿಯರು. ಹುಡುಗಿಯರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಜನಕ್ಕೆ ಒಂದಲ್ಲ ಒಂದು ಮಾನಸಿಕ ಕಾಯಿಲೆ.

ಕಣ್ಣು ನಿಂತದ್ದು ಅಧ್ಯಯನಕ್ಕೆ ಸೇರೋಕೆ ಒಪ್ಪಿಗೆ ಪಡೆದ ವಿವರದಲ್ಲಿ. ಎಷ್ಟೋ ಮಕ್ಕಳ ಅಪ್ಪ-ಅಮ್ಮ ಹುಡುಕಿದರೂ ಸಿಗಲಿಲ್ಲ. ಆಗ ಮಗುವಿನ ಪರವಾಗಿ ನಿಲ್ಲೋಕೆ ಬೇರೆಯೇ ಒಬ್ಬ ಪ್ರತಿನಿಧಿ ಇರ್ತಿದ್ದರು.

ಇದು ಬೇಕೇ ಬೇಕು. ಒಳಗಿರೋ ಹುಡುಗಿಗೆ ಒಪ್ಪಿಗೆ ಫಾರಂ ಹಿಡಿದು ಬಂದವರೆಲ್ಲ ಕೋರ್ಟಿನವರ ಹಾಗೇ ಕಾಣ್ತಾರೆ. ಬೇಡ ಅಂದರೆ ಬಿಡುಗಡೆ ತಡವಾಗುತ್ತೇನೋ ಅನ್ನೋ ಭಯ.

ಕಾವಲಿನವರಿಗೆ ಕೇಳಿಸದ ಕೋಣೆ ಬೇಕು. ಫಾರಂ ಓದಿ ಹೇಳೋದು, ಅರ್ಥವಾದದ್ದನ್ನ ಅವಳ ಬಾಯಿಂದಲೇ ಹೇಳಿಸೋದು, ಆಮೇಲೆ ಸಹಿ.

ಸಾಯೋ ಮಾತು ಬಂದರೆ ಗುಟ್ಟಾಗಿ ಇಡೋಕಾಗಲ್ಲ ಅಂತಲೂ ಮೊದಲೇ ಹೇಳಬೇಕು. ಸಂದರ್ಶನದ ನಡುವೆ ಹೇಳಿದರೆ, ಅಲ್ಲಿಂದಾಚೆ ಅವಳು ಎಲ್ಲದಕ್ಕೂ ‘ಇಲ್ಲ’ ಅಂತಲೇ ಬರೆಸ್ತಾಳೆ.