ತಾಕ್ ಕಿಸ್ರಾ ದಾರಿಯಲ್ಲೊಂದು ಮಣ್ಣಿನ ದಿಬ್ಬ

ಬಾಗ್ದಾದಿನಿಂದ ಹೊರಟಿದ್ದು ತಾಕ್ ಕಿಸ್ರಾ ನೋಡೋಕೆ. ಸಲ್ಮಾನ್ ಪಾಕ್ ಊರಿನಲ್ಲಿರುವ ಇಟ್ಟಿಗೆಯ ಕಮಾನು ಅದು, ಪರ್ಷಿಯಾದ ಸಸಾನಿಯನ್ ದೊರೆಗಳ ಕಾಲದ್ದು. ಬೆಳಿಗ್ಗೆ ಎಂಟಕ್ಕೇ ಟ್ಯಾಕ್ಸಿ ಬಂತು. ಡ್ರೈವರ್‌ಗೆ ಮೂವತ್ತರ ಆಸುಪಾಸು. ಇಂಗ್ಲಿಷ್ ಅಷ್ಟಕ್ಕಷ್ಟೇ, ಮಾತು ಮಾತ್ರ ಜಾಸ್ತಿ.

ದಿಯಾಲಾ ನದಿಯ ಸೇತುವೆ ದಾಟಿ, ಚೆಕ್‌ಪೋಸ್ಟ್‌ನಲ್ಲಿ ಪಾಸ್‌ಪೋರ್ಟ್ ತೋರಿಸಿ ಮುಂದೆ ಹೋದೆವು. ಖರ್ಜೂರದ ಮರಗಳ ಆಚೆ ಉದ್ದಕ್ಕೂ ಒಂದು ಮಣ್ಣಿನ ದಿಬ್ಬ ಕಾಣಿಸಿತು. ಗುಡ್ಡ ಇರಬಹುದು ಅಂದುಕೊಂಡೆ. ಆದರೆ ಸುತ್ತ ಎಲ್ಲಾ ಕಡೆ ಚಪ್ಪಟೆ ಬಯಲು. ಫೋನ್ ಎತ್ತಿದ್ದೇ ತಡ, ಡ್ರೈವರ್ ಕೈ ಅಡ್ಡ ಹಿಡಿದ. "ಫೋಟೋ ಬೇಡ. ತುವೈಥಾ."

ಹೆಸರು ಕೇಳಿದ ಕೂಡಲೇ ಗೊತ್ತಾಯಿತು. ಇರಾಕಿನ ಹಳೇ ಅಣು ಸಂಶೋಧನಾ ಕೇಂದ್ರ ಅದು, ದಿಬ್ಬ ಅದರ ಸುತ್ತ ಹಾಕಿದ ಮಣ್ಣಿನ ಗೋಡೆ. 1981ರ ಜೂನ್ 7ರಂದು ಇಸ್ರೇಲಿನ ವಿಮಾನಗಳು ಒಸಿರಾಕ್ ರಿಯಾಕ್ಟರ್‌ಗೆ ಬಾಂಬ್ ಹಾಕಿದ್ದು ಇಲ್ಲೇ. 1991ರ ಯುದ್ಧದಲ್ಲಿ ಅಮೆರಿಕವೂ ಹಾಕಿತು. ಆಮೇಲೆ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರು ಬಂದರು. ಬಾಂಬ್ ಮಾಡೋಕೆ ಬರುವಂಥ ಯುರೇನಿಯಂ 1994ರ ಹೊತ್ತಿಗೆ ರಷ್ಯಾಕ್ಕೆ ಹೋಯಿತು. ಉಳಿದದ್ದನ್ನು ಡ್ರಮ್‌ಗಳಲ್ಲೇ ಇಟ್ಟು ಗೋದಾಮಿಗೆ ಸೀಲ್ ಹಾಕಿದರು. ಸುಮಾರು 500 ಟನ್ ಕಚ್ಚಾ ಯುರೇನಿಯಂ, ಜೊತೆಗೆ ಸ್ವಲ್ಪ ಮಟ್ಟಿಗೆ ಸಂವರ್ಧಿಸಿದ್ದು, ಅಂದರೆ ಅಣುಶಕ್ತಿಗೆ ಬೇಕಾದ ಅಂಶವನ್ನು ಹೆಚ್ಚಿಸಿದ್ದು, 1.8 ಟನ್.

ಸೀಲ್ ಅಂದರೆ ದೊಡ್ಡ ಬೀಗವೇನಲ್ಲ. ನಾಣ್ಯದಷ್ಟಗಲದ ಲೋಹದ ಬಿಲ್ಲೆ, ಒಳಗಿಂದ ಹಾಯಿಸಿದ ಒಂದು ತಂತಿ. ಕಳ್ಳನನ್ನು ತಡೆಯೋ ಶಕ್ತಿ ಅದಕ್ಕಿಲ್ಲ. ಯಾರೋ ಬಾಗಿಲು ತೆಗೆದಿದ್ದಾರೆ ಅಂತ ಆಮೇಲೆ ಬಂದವರಿಗೆ ತಿಳಿಸುತ್ತದೆ, ಅಷ್ಟೇ. ಕಾಯೋ ಕೆಲಸ ಗೇಟಿನಲ್ಲಿದ್ದ ಇರಾಕಿ ಕಾವಲುಗಾರರದ್ದು.

2003ರ ಮಾರ್ಚ್ 18ರಂದು ತನಿಖಾಧಿಕಾರಿಗಳು ದೇಶ ಬಿಟ್ಟರು. 20ಕ್ಕೆ ಇರಾಕಿನ ಮೇಲೆ ಅಮೆರಿಕದ ಯುದ್ಧ ಶುರು. ಕಾವಲುಗಾರರು ಓಡಿಹೋದರು. ಏಪ್ರಿಲ್ ಮೊದಲ ವಾರದಲ್ಲಿ ಅಮೆರಿಕದ ಮರೀನ್ ಸೈನಿಕರು ಇಲ್ಲಿಗೆ ಬಂದರು ನಿಜ, ಆದರೆ ಅಷ್ಟು ದೊಡ್ಡ ಜಾಗಕ್ಕೆ ಸರಿಯಾದ ಕಾವಲು ಹಾಕಲಿಲ್ಲ. ಜಾಗ ಭದ್ರ ಮಾಡಿ ಅಂತ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮ್ಮದ್ ಎಲ್‌ಬರದೈ ಏಪ್ರಿಲ್‌ನಲ್ಲೇ ಕೇಳಿಕೊಂಡಿದ್ದರು.

ನನಗೆ ಸಿಟ್ಟು ಬರೋದು ಇಲ್ಲೇ. ಭಯಂಕರ ಅಸ್ತ್ರಗಳಿವೆ ಅಂತ ಹೇಳಿಕೊಂಡೇ ಯುದ್ಧಕ್ಕೆ ಬಂದವರು ಇವರು. ಹುಡುಕಿದ್ದು ಸಿಗಲಿಲ್ಲ. ಆದರೆ ಯಾವ ಕಟ್ಟಡದಲ್ಲಿ ಏನಿದೆ, ಎಷ್ಟಿದೆ ಅಂತ ಲೆಕ್ಕ ಸಮೇತ ಅಣುಶಕ್ತಿ ಸಂಸ್ಥೆಯ ವಿಯೆನ್ನಾ ಕಚೇರಿಯ ಕಡತದಲ್ಲಿದ್ದ ಸರಕಿಗೆ ದಿಕ್ಕಿರಲಿಲ್ಲ. ಬಾಗ್ದಾದಿನ ತೈಲ ಸಚಿವಾಲಯಕ್ಕೆ ಮಾತ್ರ ಪಹರೆ ಇತ್ತು. ವಶಕ್ಕೆ ತಗೊಂಡ ಸೈನ್ಯವೇ ಅಲ್ಲಿನ ಸುವ್ಯವಸ್ಥೆ ನೋಡಿಕೊಳ್ಳಬೇಕು ಅನ್ನೋದು 1907ರ ಹೇಗ್ ಯುದ್ಧ ನಿಯಮಗಳಲ್ಲೇ ಇದೆ. ಅಮೆರಿಕ, ಬ್ರಿಟನ್ನಿಗೆ ಆ ಹೊಣೆ ಇದೆ ಅಂತ ಭದ್ರತಾ ಮಂಡಳಿಯ ನಿರ್ಣಯ ಬಂದಿದ್ದು ಮೇ 22ಕ್ಕೆ. ಅಷ್ಟರಲ್ಲಿ ಗೋದಾಮು ಲೂಟಿಯಾಗಿ ಡ್ರಮ್‌ಗಳು ಸುತ್ತಲಿನ ಹಳ್ಳಿ ಸೇರಿ ಎಷ್ಟೋ ದಿನವಾಗಿತ್ತು.

ತಾಕ್ ಕಿಸ್ರಾ ಚೆನ್ನಾಗಿದೆ. ಸುಮಾರು 37 ಮೀಟರ್ ಎತ್ತರದ ಕಮಾನು, ಒಂದು ಕಂಬದ ಆಸರೆಯೂ ಇಲ್ಲ. ಕೆಳಗೆ ನಿಂತು ಕತ್ತೆತ್ತಿದರೆ ಎದೆ ಝಲ್ಲೆನ್ನುತ್ತದೆ. ಆದರೆ ನನ್ನ ತಲೆ ದಿಬ್ಬದ ಹತ್ತಿರವೇ ಉಳಿದಿತ್ತು.

ಊರಿನ ಚಹಾ ಅಂಗಡಿಯಲ್ಲಿ ಕೂತಾಗ ಡ್ರೈವರ್ ತಾನಾಗಿಯೇ ಶುರು ಮಾಡಿದ. 2003ರಲ್ಲಿ ಅವನಿಗೆ ಒಂಬತ್ತು ವರ್ಷ. ಯುದ್ಧದಲ್ಲಿ ನಲ್ಲಿ ನೀರು ನಿಂತುಹೋಗಿತ್ತು. ನೀರು ತುಂಬಿಡೋಕೆ ಯಾರಿಗೆ ಡ್ರಮ್ ಬೇಡ ಹೇಳಿ? ಜನ ಗೋದಾಮಿಗೆ ನುಗ್ಗಿ, ಒಳಗಿದ್ದ ಹಳದಿ ಪುಡಿಯನ್ನು, ಅಂದರೆ ಆ ಕಚ್ಚಾ ಯುರೇನಿಯಂ ಅನ್ನೇ, ನೆಲಕ್ಕೆ ಸುರಿದು, ಡ್ರಮ್ ಹೊತ್ತು ತಂದರು. ಅವನ ದೊಡ್ಡಮ್ಮ ಒಂದನ್ನು ಕೊಂಡುಕೊಂಡರಂತೆ. ಎರಡು ಸಲ ತೊಳೆದು ನೀರು ತುಂಬಿದರಂತೆ.

"ಗೊತ್ತಿರಲಿಲ್ವಾ?"

"ಯಾರು ಹೇಳಬೇಕಿತ್ತು?" ಅಂದ. ಪುಟ್ಟ ಗಾಜಿನ ಲೋಟದ ತಳದಲ್ಲಿದ್ದ ಸಕ್ಕರೆಯನ್ನು ಚಮಚದಲ್ಲಿ ಕಲಕುತ್ತಲೇ ಇದ್ದ.

ಜೂನ್‌ನಲ್ಲಿ ಅಣುಶಕ್ತಿ ಸಂಸ್ಥೆಯ ತಂಡ ಬಂತು. ಗೋದಾಮು ಎಣಿಸೋಕೆ ಮಾತ್ರ ಅವರಿಗೆ ಒಪ್ಪಿಗೆ ಇತ್ತು, ಹಳ್ಳಿಯವರ ಆರೋಗ್ಯ ನೋಡೋಕೆ ಅಲ್ಲ. ಕನಿಷ್ಠ 10 ಕಿಲೋ ಯುರೇನಿಯಂ ಚೆಲ್ಲಿಹೋಗಿರಬಹುದು, ಉಳಿದದ್ದು ಹೆಚ್ಚುಕಡಿಮೆ ಸಿಕ್ಕಿದೆ ಅಂದರು. ಅಮೆರಿಕದ ಸೈನ್ಯ ಡ್ರಮ್‌ಗೆ 3 ಡಾಲರ್ ಕೊಟ್ಟು ವಾಪಸ್ ತಗೊಂಡಿತು. ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರು ಹಳೇ ಡ್ರಮ್‌ಗೆ ಹೊಸದು ಕೊಟ್ಟರು.

"ಈಗಲೂ ಒಳಗಿದೆಯಾ ಅದು?" ಅಂತ ಕೇಳಿದ.

ಇಲ್ಲ ಅಂದೆ. ಸಂವರ್ಧಿಸಿದ್ದನ್ನು 2004ರಲ್ಲಿ ಅಮೆರಿಕ ತಗೊಂಡುಹೋಯಿತು. ಹಳದಿ ಪುಡಿಯನ್ನು 2008ರಲ್ಲಿ ಇರಾಕ್ ಕೆನಡಾದ ಕಂಪನಿಗೆ ಮಾರಿತು. ಸುಮಾರು 3,500 ಡ್ರಮ್, 37 ವಿಮಾನಯಾನ, ಆಮೇಲೆ ಹಡಗಿನಲ್ಲಿ ಮಾಂಟ್ರಿಯಲ್‌ಗೆ.

"ಕೆನಡಾ!" ಅಂತ ಜೋರಾಗಿ ನಕ್ಕ. ಅವನಿಗೇ ಅಲ್ಲಿಗೆ ವೀಸಾ ಸಿಕ್ಕಿಲ್ಲವಂತೆ.

ದೊಡ್ಡಮ್ಮ ಹೇಗಿದ್ದಾರೆ ಅಂತ ಕೇಳಿದೆ. ಗಟ್ಟಿಯಾಗಿದ್ದಾರಂತೆ. ಹಳೇ ಡ್ರಮ್ ಕೊಟ್ಟು ಹೊಸದು ತಗೊಂಡಿದ್ದರು. ಹೊಸದು ಎರಡೇ ವರ್ಷಕ್ಕೆ ಸೀಳಿತು, ಹಳೇದೇ ಚೆನ್ನಾಗಿತ್ತು ಅಂತ ಇವತ್ತಿಗೂ ಗೊಣಗುತ್ತಾರಂತೆ.