ಪೆನಾಂಗಿನ ಬೀದಿ, ಬಾಲಿಕ್ ಪುಲಾವಿನ ಒಲೆ

ಪೆನಾಂಗಿಗೆ ಹೋಗುವವರು ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋಗಬೇಕು. ಮಲೇಷ್ಯಾದಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ಮಲಯ್ ಆಗಲಿ, ಚೀನೀಯರಾಗಲಿ, ತಮಿಳರಾಗಲಿ, ಪೆನಾಂಗ್ ಅಂದ ಕೂಡಲೇ ಅಲ್ಲಿನ ಬೆಟ್ಟ, ಸಮುದ್ರದ ಸುದ್ದಿ ಎತ್ತುವುದಿಲ್ಲ. ಎಲ್ಲಿ ಏನು ತಿನ್ನಬೇಕು ಅಂತ ಶುರು ಮಾಡುತ್ತಾರೆ.

ನನ್ನವರ ಕೆಲಸದ ಕಾರಣಕ್ಕೆ ನಾವು ಕೌಲಾಲಂಪುರದ ಪಕ್ಕದ ಪೆಟಾಲಿಂಗ್ ಜಯಾದಲ್ಲಿ ಇದ್ದೇವೆ. ಊರು ಕುಂದಾಪುರದ ಕಡೆ. ಮೀನು, ಕಾಯಿ, ಹುಳಿ ಇದ್ದರೆ ಊಟಕ್ಕೆ ಮತ್ತೇನೂ ಬೇಡ ಅನ್ನುವ ಜನ ನಾವು. ಹಾಗಾಗಿ ಇಲ್ಲಿನ ಊಟ ಬೇಗ ಒಗ್ಗಿತು. ಆದರೆ ಬೀದಿಯಲ್ಲಿ ತಿಂದದ್ದು ಬಾಯಿಗೆ ಹಿಡಿಸುವುದು ಬೇರೆ, ಆ ರುಚಿ ಎಲ್ಲಿಂದ ಬಂತು ಅಂತ ತಿಳಿಯುವುದು ಬೇರೆ. ಅದು ತಿಳಿಯಬೇಕಾದರೆ ಯಾರದಾದರೂ ಅಡುಗೆಮನೆಯಲ್ಲಿ ಕೂರಬೇಕು.

ಪಕ್ಕದ ಮನೆಯಲ್ಲಿ ಒಬ್ಬ ಮಲಯ್ ಅಕ್ಕ ಇದ್ದಾರೆ. ಇಲ್ಲಿಯವರ ಹಾಗೆ ನಾನೂ ಅವರನ್ನು ಕಾಕ್ ಅಂತಲೇ ಕರೆಯುವುದು. ಅವರ ತವರು ಪೆನಾಂಗ್ ದ್ವೀಪದ ಹಿಂಬದಿಯ ಬಾಲಿಕ್ ಪುಲಾವ್. "ಯಾವಾಗಲೂ ಅಂಗಡಿಯದ್ದೇ ತಿಂದರೆ ಹೇಗೆ? ಸಾಲು ರಜೆ ಬರಲಿ, ಅಮ್ಮನ ಮನೆಗೆ ಹೋಗೋಣ" ಅಂದಿದ್ದರು. ರಜೆ ಬಂತು, ಹೊರಟೆವು.

ಕೆಎಲ್ ಸೆಂಟ್ರಲ್‌ನಿಂದ ಬಟರ್‌ವರ್ತ್‌ಗೆ ಇಟಿಎಸ್ ಅನ್ನುವ ವಿದ್ಯುತ್ ರೈಲು. ಬಟರ್‌ವರ್ತ್ ಇರುವುದು ದ್ವೀಪದ ಎದುರಿನ ದಡದಲ್ಲಿ. ಸುಮಾರು ನಾಲ್ಕು ಗಂಟೆಯ ದಾರಿ. ಇಪೋ ಹತ್ತಿರ ಸುಣ್ಣಕಲ್ಲಿನ ಗುಡ್ಡಗಳು, ಆಮೇಲೆ ಎಣ್ಣೆತಾಳೆ ತೋಟ, ಅಲ್ಲಲ್ಲಿ ಗದ್ದೆ. ದ್ವೀಪಕ್ಕೆ ಎರಡು ಸೇತುವೆಗಳಿವೆ, ಒಂದು 1985ರದ್ದು, ಇನ್ನೊಂದು 2014ರದ್ದು. ಆದರೂ ಫೆರಿಯಲ್ಲಿ ಹೋಗಿ ಅಂತಲೇ ನಾನು ಹೇಳುತ್ತೇನೆ. ರೈಲ್ವೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಗಾಳಿಗೆ ಮುಖ ಕೊಟ್ಟು ನಿಂತರೆ ಹೊಟ್ಟೆ ತಾನಾಗಿ ಹಸಿಯುತ್ತದೆ.

ಜಾರ್ಜ್ ಟೌನ್ ಹಳೆಯ ಪೇಟೆ. ಮೆಲಾಕಾದ ಜೊತೆಗೆ 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಕಾಕ್ ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ನಾಸಿ ಕಂದಾರ್ ತಿನ್ನಲು. ಹಿಂದೆ ತಮಿಳು ಮುಸ್ಲಿಮರು ಹೆಗಲ ಮೇಲೆ ಅಡ್ಡೆ ಹೊತ್ತು, ಒಂದು ತುದಿಗೆ ಅನ್ನ, ಇನ್ನೊಂದು ತುದಿಗೆ ಸಾರು ಕಟ್ಟಿಕೊಂಡು ಮಾರುತ್ತಿದ್ದ ಊಟ ಇದು. ಬಂದರಿನಲ್ಲಿ ದುಡಿಯುವವರಿಗೆ ಹೊಟ್ಟೆ ತುಂಬಾ ಸಿಗುತ್ತಿತ್ತು. ಕ್ಯಾಂಪ್‌ಬೆಲ್ ಬೀದಿಯ ಹಮೀದಿಯಾ ಹೋಟೆಲು 1907ರಿಂದ ಇದೆ.

ಬಡಿಸುವ ಪರಿ ನೋಡಬೇಕು. ಅನ್ನದ ಮೇಲೆ ನೀವು ತೋರಿಸಿದ ಕೋಳಿಯೋ ಮೀನೋ ಇಡುತ್ತಾರೆ, ಪಕ್ಕಕ್ಕೆ ಇಡೀ ಬೆಂಡೆಕಾಯಿ. ಆಮೇಲೆ ಒಂದು ಪಾತ್ರೆಯಿಂದ ಒಂದು ಸೌಟು, ಇನ್ನೊಂದರಿಂದ ಇನ್ನೊಂದು, ಹೀಗೆ ಮೂರ್ನಾಲ್ಕು ಬಗೆಯ ಸಾರು ಅನ್ನ ಮುಳುಗುವ ಹಾಗೆ ಸುರಿಯುತ್ತಾರೆ. ನಮ್ಮಲ್ಲಾದರೆ ಎಲೆಯಲ್ಲಿ ಪ್ರತಿಯೊಂದಕ್ಕೂ ಅದರದ್ದೇ ಜಾಗ, ಪಲ್ಯ ಬಡಿಸುವ ಕಡೆ ಪಾಯಸ ಬರುವುದಿಲ್ಲ. ಇಲ್ಲಿ ಮೀನಿನ ಸಾರಿನ ಹುಳಿ, ಕೋಳಿ ಸಾರಿನ ಮಸಾಲೆ, ಸೋಯಾ ಹಾಕಿದ ಕಪ್ಪು ಸಾರಿನ ಸಿಹಿ ಎಲ್ಲ ಕೂಡಿದ ಮೇಲೆಯೇ ಊಟ. ಬೇರೆ ಬೇರೆ ಬಟ್ಟಲಲ್ಲಿ ಕೇಳಿ ತಿಂದರೆ ಅದು ನಾಸಿ ಕಂದಾರ್ ಅಲ್ಲ.

ಮಧ್ಯಾಹ್ನದ ಬಿಸಿಲಿಗೆ ಚೆಂಡೋಲ್. ಕೆಂಗ್ ಕ್ವೀ ಅನ್ನುವ ಸಣ್ಣ ಓಣಿಯಲ್ಲಿ 1936ರಿಂದ ನಡೆದು ಬಂದ ಗಾಡಿ ಇದೆ. ಜನ ಓಣಿಯಲ್ಲೇ ನಿಂತು ತಿನ್ನುತ್ತಾರೆ. ಪುಡಿ ಮಂಜುಗಡ್ಡೆ, ತೆಂಗಿನ ಹಾಲು, ಕೆಂಪು ರಾಜ್ಮಾ, ಪಾಂಡಾನ್ ಎಲೆಯ ರಸ ಹಾಕಿ ಮಾಡಿದ ಹಸಿರು ಶಾವಿಗೆಯ ತುಂಡುಗಳು, ಮೇಲೆ ಗುಲಾ ಮೆಲಾಕಾದ ಪಾಕ. ಗುಲಾ ಮೆಲಾಕಾ ತೆಂಗಿನ ನೀರಾ ಕಾಯಿಸಿ ಮಾಡುವ ಬೆಲ್ಲ. ಬಣ್ಣ ಕಪ್ಪು, ಸಿಹಿಯಲ್ಲಿ ಸ್ವಲ್ಪ ಹೊಗೆಯ ವಾಸನೆ. ನಮ್ಮ ಮನೆಯಲ್ಲಿ ಈಗ ಹಾಲುಬಾಯಿಗೆ ಇದೇ ಬೆಲ್ಲ. ಪಾಂಡಾನ್ ನಮ್ಮ ಕೇದಿಗೆಯ ಬಳಗದ್ದು. ನಾವು ಕೇದಿಗೆಯ ಹೂ ಮುಡಿಯುತ್ತೇವೆ, ಕರಾವಳಿಯಲ್ಲಿ ಆ ಜಾತಿಯ ಎಲೆ ಸುತ್ತಿ ಮೂಡೆ ಬೇಯಿಸುತ್ತೇವೆ. ಇವರು ಎಲೆಯ ಪರಿಮಳವನ್ನು ಅನ್ನಕ್ಕೂ ಸಿಹಿಗೂ ಇಳಿಸುತ್ತಾರೆ.

ಸಂಜೆ ಕಾಕ್ ನೆಂಟರ ಮನೆಗೆ ಹೋದರು. ನಾವಿಬ್ಬರೇ ಚಾರ್ ಕ್ವೇ ತಿಯಾವ್ ಹುಡುಕಿಕೊಂಡು ಹೊರಟೆವು. ಚೀನೀ ಗಾಡಿಗಳಲ್ಲಿ ಅದಕ್ಕೆ ಹಂದಿಯ ಕೊಬ್ಬು ಹಾಕುವುದುಂಟು. ನಮಗೆ ಅದು ಬೇಡ ಅಂತ ಕಾಕ್ ಒಂದು ಮಲಯ್ ಗಾಡಿಯ ಗುರುತು ಹೇಳಿದ್ದರು. ಅಗಲ ಅಕ್ಕಿ ಶಾವಿಗೆ, ಸೀಗಡಿ, ಮರುವಾಯಿಯ ಹಾಗಿನ ಚಿಪ್ಪಿನ ಮಾಂಸ, ಮೊಳಕೆ ಕಾಳು, ಮೊಟ್ಟೆ. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆಯೇ ಕೈ ಹಾಕುವುದು. ಒಂದೊಂದು ತಟ್ಟೆಗೆ ಬೇರೆ ಬೇರೆಯಾಗಿ ಹುರಿಯುತ್ತಾರೆ, ಎಷ್ಟೇ ಜನ ಕಾಯುತ್ತಿದ್ದರೂ ಒಟ್ಟಿಗೆ ಹಾಕುವುದಿಲ್ಲ. ಒಟ್ಟಿಗೆ ಹಾಕಿದರೆ ಬಾಣಲೆಯ ಶಾಖ ಇಳಿಯುತ್ತದೆ, ಶಾವಿಗೆ ನೀರು ಬಿಟ್ಟುಕೊಳ್ಳುತ್ತದೆ. ಆ ಹೆಂಗಸು ತಲೆ ಎತ್ತದೆ ಸೌಟು ಆಡಿಸುತ್ತಿದ್ದರು. ಕಾದು ತಿಂದದ್ದಕ್ಕೆ ಒಂದು ಚೂರೂ ಬೇಸರವಿಲ್ಲ.

ಸಸ್ಯಾಹಾರಿಗಳಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಬರೀ ತರಕಾರಿ ಅಂತ ಕೊಟ್ಟ ಪಲ್ಯದಲ್ಲೂ ಬೆಲಾಚಾನ್ ಇರಬಹುದು, ಅಂದರೆ ಸೀಗಡಿಯನ್ನು ಉಪ್ಪು ಹಾಕಿ ಹುದುಗಿಸಿ ಒಣಗಿಸಿದ ಬಿಲ್ಲೆ. ಬಸಳೆ, ಹರಿವೆ ಏನೇ ಆಗಲಿ, ಬೆಲಾಚಾನ್ ಹಾಕಿದ್ದೀರಾ ಅಂತ ಹೆಸರು ಹಿಡಿದೇ ಕೇಳಿ. ಹೆದರುವುದೇನೂ ಬೇಡ. ಬೌದ್ಧರು ನಡೆಸುವ ಚೀನೀ ಸಸ್ಯಾಹಾರಿ ಅಂಗಡಿಗಳು ಸಾಕಷ್ಟಿವೆ. ಕ್ವೀನ್ ಬೀದಿಯಲ್ಲಿ 1833ರ ಮಹಾಮಾರಿಯಮ್ಮನ ಗುಡಿ ಇದೆ. ಅದರ ಸುತ್ತಲಿನ ಲಿಟ್ಲ್ ಇಂಡಿಯಾದಲ್ಲಿ ಇಡ್ಲಿ, ದೋಸೆ, ಬಾಳೆಎಲೆ ಊಟ ಎಲ್ಲ ಸಿಗುತ್ತದೆ.

ಬೆಳಿಗ್ಗೆ ರೋಟಿ ಚಾನಾಯ್. ಎಣ್ಣೆಯಲ್ಲಿ ನೆನೆದ ಮೈದಾ ಉಂಡೆಯನ್ನು ಗಾಳಿಯಲ್ಲಿ ಬೀಸಿ ಬೀಸಿ ಆಚೆ ಬದಿ ಕಾಣುವಷ್ಟು ತೆಳು ಮಾಡಿ, ಮಡಚಿ, ಹೆಂಚಿಗೆ ಹಾಕುತ್ತಾರೆ. ಬೆಂದ ಮೇಲೆ ಎರಡೂ ಅಂಗೈ ಸೇರಿಸಿ ಚಪ್ಪಾಳೆ ಹೊಡೆದ ಹಾಗೆ ತಟ್ಟಿದರೆ ಪದರ ಬಿಚ್ಚಿಕೊಳ್ಳುತ್ತದೆ. ನಂಚಿಕೊಳ್ಳಲು ತೊವ್ವೆ ಮತ್ತು ಮೀನಿನ ಸಾರು. ಬೆಲೆ ಎರಡು ರಿಂಗಿಟ್ ಆಸುಪಾಸು. ಜೊತೆಗೆ ಎತ್ತರದಿಂದ ಸುರಿದು ನೊರೆ ಬರಿಸಿದ ಹಾಲಿನ ಚಹಾ, ತೆ ತಾರಿಕ್. ನಮ್ಮ ಪಕ್ಕದ ಮೇಜಿನಲ್ಲಿ ಒಬ್ಬ ಚೀನೀ ಅಜ್ಜ ಪೇಪರ್ ಓದುತ್ತಾ ನಾಸಿ ಲೆಮಾಕ್ (ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ) ಪೊಟ್ಟಣ ಬಿಚ್ಚುತ್ತಿದ್ದರು. ಆಚೆ ಮಲಯ್ ಹುಡುಗಿಯರು, ಇನ್ನೊಂದು ಕಡೆ ತಮಿಳು ಡ್ರೈವರುಗಳು. ನಾಸಿ ಲೆಮಾಕ್, ರೋಟಿ, ತೆ ತಾರಿಕ್‌ಗಳ ಈ ಬೆಳಗಿನ ತಿಂಡಿಯ ಪದ್ಧತಿಯನ್ನು ಯುನೆಸ್ಕೋ 2024ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದು ಸರಿ ಅಂತ ನನಗೆ ಮನಸಾರೆ ಅನಿಸುತ್ತದೆ. ಮೂರು ಜನಾಂಗದವರ ಮನೆಯಡುಗೆ ಬೇರೆ, ಕಟ್ಟುಪಾಡು ಬೇರೆ. ಬೆಳಗಿನ ಮೇಜು ಮಾತ್ರ ಒಂದೇ.

ಬಾಲಿಕ್ ಪುಲಾವ್‌ಗೆ ಹೋಗುವುದು ಗುಡ್ಡ ಹತ್ತಿ ಇಳಿಯುವ ತಿರುವು ದಾರಿ. ಘಟ್ಟದ ಆಚೆ ಇಳಿದರೆ ಪೇಟೆಯ ಗದ್ದಲ ಪೂರ್ತಿ ಹಿಂದೆ ಬಿತ್ತು. ಜಾಯಿಕಾಯಿ, ಲವಂಗ, ಡುರಿಯನ್ ತೋಟಗಳು. ಜಾಯಿಕಾಯಿಯ ಹಣ್ಣಿನ ತಿರುಳನ್ನು ಇವರು ಉಪ್ಪಿನಕಾಯಿ ಹಾಕುತ್ತಾರೆ, ಸಕ್ಕರೆಯಲ್ಲಿ ಒಣಗಿಸುತ್ತಾರೆ, ಶರಬತ್ತೂ ಮಾಡುತ್ತಾರೆ. ನಮ್ಮ ಕಡೆಯ ಅಡಿಕೆ ತೋಟಗಳಲ್ಲೂ ಜಾಯಿಕಾಯಿ ಇದೆ, ಆದರೆ ಹೆಚ್ಚಿನವರ ತೋಟದಲ್ಲಿ ತಿರುಳು ಮರದ ಬುಡದಲ್ಲೇ ಕೊಳೆಯುತ್ತದೆ. ಆ ಶರಬತ್ತು ಕುಡಿದ ಮೇಲೆ ಅದು ಎಂಥ ನಷ್ಟ ಅಂತ ಗೊತ್ತಾಯಿತು.

ಕಾಕ್ ಅವರ ತಾಯಿಯನ್ನು ನಾವು ಮಕ್‌ಚಿಕ್ ಅಂದೆವು. ಅವರಿಗೆ ಮಲಯ್ ಬಿಟ್ಟು ಬೇರೆ ಮಾತು ಬಾರದು. ನನಗೆ ಸಂತೆಯಲ್ಲಿ ಸಾಕಾಗುವಷ್ಟು ಮಲಯ್ ಬರುತ್ತದೆ, ಅಡುಗೆಮನೆಗೆ ಅಷ್ಟೇ ಧಾರಾಳ. ಬಾಗಿಲ ಪಕ್ಕದಲ್ಲಿ ಮರದ ಮಣೆ, ಅದರ ಮುಂದಕ್ಕೆ ಹಲ್ಲಿನ ಕಬ್ಬಿಣದ ನಾಲಿಗೆ. ನಮ್ಮ ಹೆರೆಮಣೆಯೇ! ಕೇಳದೆ ಕೂತು ಕಾಯಿ ಹೆರೆಯಲು ಶುರು ಮಾಡಿದೆ. ಮಕ್‌ಚಿಕ್ ನನ್ನ ಕೈ ನೋಡಿದರು, ಏನೂ ಹೇಳದೆ ಇನ್ನೊಂದು ಹೋಳು ಮುಂದಿಟ್ಟರು. ಆಮೇಲೆ ಅವರು ನನ್ನನ್ನು ನೆಂಟಳ ಹಾಗೆ ನೋಡಿಕೊಳ್ಳಲಿಲ್ಲ, ಕೆಲಸ ಹೇಳಿದರು. ನನಗೆ ಬೇಕಾಗಿದ್ದದ್ದೂ ಅದೇ.

ಅಂದು ಅಸಮ್ ಲಕ್ಸಾ. ಪೆನಾಂಗಿನ ಬೀದಿಗಳಲ್ಲಿ ಹೆಜ್ಜೆಗೊಂದು ಲಕ್ಸಾ ಗಾಡಿ ಇದೆ. ಹುಳಿ, ಖಾರ, ಮೀನಿನ ಸಾರಿನಲ್ಲಿ ದಪ್ಪ ಅಕ್ಕಿ ಶಾವಿಗೆ. ಅದನ್ನು ಮಾಡುವುದನ್ನು ಬುಡದಿಂದ ನೋಡಿದ್ದು ಇಲ್ಲೇ.

ಮೀನು ಕೆಂಬುಂಗ್. ಅಂದರೆ ನಮ್ಮ ಬಂಗುಡೆ, ಅದೇ ಜಾತಿ. ಹುಳಿಗೆ ಅಸಮ್ ಕೆಪಿಂಗ್ ಅನ್ನುವ ಒಣ ಹೋಳು, ಉಪ್ಪಾಗೆ ಮತ್ತು ಪುನರ್ಪುಳಿಯ ಬಳಗದ ಮರದ್ದು. ಮೀನನ್ನು ಈ ಹುಳಿಯ ಜೊತೆ ಬೇಯಿಸಿ, ಎತ್ತಿ, ಆರಲು ಬಿಟ್ಟರು. ನಂತರದ ಕೆಲಸ ಬೆರಳಿನದ್ದು. ಒಂದೊಂದೇ ಬಂಗುಡೆಯ ಮುಳ್ಳು ಬಿಡಿಸಿ ಮಾಂಸ ಪುಡಿ ಮಾಡಬೇಕು. ನಡುಮುಳ್ಳು ಸುಲಭ, ಬದಿಯ ಸಣ್ಣ ಮುಳ್ಳುಗಳಿಗೆ ತಾಳ್ಮೆ ಬೇಕು. ನಾನು ಮುಗಿಸಿದ ರಾಶಿಯನ್ನು ಮಕ್‌ಚಿಕ್ ಮತ್ತೊಮ್ಮೆ ಬೆರಳಲ್ಲಿ ತಡಕಿ ನೋಡಿದರು. ಮೊಮ್ಮಕ್ಕಳು ತಿನ್ನುತ್ತಾರಲ್ಲ.

ಅಷ್ಟರಲ್ಲಿ ಕಾಕ್ ಒಣಮೆಣಸು, ಸಣ್ಣ ಈರುಳ್ಳಿ, ನಿಂಬೆಹುಲ್ಲು, ಬೆಲಾಚಾನ್ ರುಬ್ಬಿ ಆಗಿತ್ತು. ನಾನು ಎಣ್ಣೆ ಬಾಟಲಿ ಎಲ್ಲಿ ಅಂತ ನೋಡಿದೆ. ಮಕ್‌ಚಿಕ್ ಕೈ ಅಡ್ಡ ಆಡಿಸಿದರು. ಈ ಸಾರಿಗೆ ಒಗ್ಗರಣೆ ಇಲ್ಲ, ಎಣ್ಣೆ ಇಲ್ಲ, ತೆಂಗಿನ ಹಾಲೂ ಇಲ್ಲ. ರುಬ್ಬಿದ ಖಾರ ಹಸಿಯಾಗಿಯೇ ಮೀನು ಬೇಯಿಸಿದ ನೀರಿಗೆ ಹೋಗುತ್ತದೆ. ಹಿಂದಿನಿಂದ ದೌನ್ ಕೆಸುಮ್ ಅನ್ನುವ ಘಾಟು ಪರಿಮಳದ ಎಲೆ, ಸೀಳಿದ ಬುಂಗಾ ಕಂತಾನ್ ಮೊಗ್ಗು. ಇದು ಶುಂಠಿಯ ಬಳಗದ ಗುಲಾಬಿ ಬಣ್ಣದ ಹೂ. ನಮ್ಮಲ್ಲಿ ಬಂಗುಡೆಗೆ ಜುಮ್ಮನಕಾಯಿ ಹಾಕಿ ಮೀನಿನ ವಾಸನೆ ಹದ್ದುಬಸ್ತಿಗೆ ತರುತ್ತಾರಲ್ಲ, ಇಲ್ಲಿ ಆ ಕೆಲಸ ಈ ಎರಡರದ್ದು. ಕೊನೆಗೆ ಬಿಡಿಸಿದ ಮೀನು. ಸಾರು ಮಂದ ಬರುವುದು ಅದರಿಂದಲೇ, ಬೇರೆ ಹಿಟ್ಟು ಗಿಟ್ಟು ಏನೂ ಇಲ್ಲ. ತುಂಬಾ ಹೊತ್ತು ಸಣ್ಣ ಉರಿಯಲ್ಲಿ ಕುದಿಯಿತು. ಮನೆಯೆಲ್ಲ ಹುಳಿ ವಾಸನೆ.

ಬಟ್ಟಲಿಗೆ ಶಾವಿಗೆ, ಮೇಲೆ ಕುದಿಯುವ ಸಾರು. ಅದರ ಮೇಲೆ ಹಸಿ ತರಕಾರಿ: ಸೌತೆಕಾಯಿ, ಅನಾನಸು, ಈರುಳ್ಳಿ, ಪುದೀನ, ಮೆಣಸಿನಕಾಯಿ. ಕೊನೆಗೆ ಸೀಗಡಿಯ ಕಪ್ಪು ಸಿಹಿ ಗೊಜ್ಜು ಒಂದು ಚಮಚ. ಮೊದಲ ಗುಟುಕಿಗೆ ಹುಳಿ, ಆಮೇಲೆ ಖಾರ, ನಡುವೆ ಅನಾನಸಿನ ಸಿಹಿ. ಹಿಂದಿನ ದಿನ ಪೇಟೆಯಲ್ಲಿ ಒಂದು ಬಟ್ಟಲು ತಿಂದಿದ್ದೆ, ಚೆನ್ನಾಗಿಯೇ ಇತ್ತು. ಇದರಲ್ಲಿ ಮೀನು ಜಾಸ್ತಿ, ಗೊಜ್ಜು ಕಡಿಮೆ. ನನ್ನ ಬಾಯಿಗೆ ಇದೇ ಮೇಲು. ನನ್ನವರು ಮಾತಾಡದೆ ಮೂರನೇ ಬಟ್ಟಲಿಗೆ ಕೈ ಚಾಚಿದರು.

ರಾತ್ರಿಗೆ ರೆಂದಾಂಗ್, ಅಂದರೆ ತೆಂಗಿನ ಹಾಲು ಬತ್ತುವವರೆಗೆ ಬೇಯಿಸಿದ ಮಾಂಸದ ಮಸಾಲೆ ಅಡುಗೆ. ಹಬ್ಬಕ್ಕೆ ಅವರ ಮನೆಯಲ್ಲಿ ದನದ ಮಾಂಸದ್ದು ಮಾಡುವುದು. ನಾವು ತಿನ್ನುವುದಿಲ್ಲ ಅಂತ ಕಾಕ್ ಮೊದಲೇ ತಿಳಿಸಿದ್ದರಂತೆ, ನಮಗಾಗಿ ಕೋಳಿ. ಮಕ್‌ಚಿಕ್ ಪಾತ್ರೆ ಸೌಟು ಕೂಡ ಬೇರೆ ತೆಗೆದಿಟ್ಟಿದ್ದರು. ಅದನ್ನು ಅವರು ದೊಡ್ಡದಾಗಿ ಹೇಳಿಕೊಳ್ಳಲೂ ಇಲ್ಲ. ನನಗೆ ಅದು ಮನಸ್ಸಿಗೆ ತುಂಬಾ ತಟ್ಟಿತು.

ನಾನು ಹೆರೆದ ಕಾಯಿಯಲ್ಲಿ ಅರ್ಧ ಹಾಲಿಗೆ, ಇನ್ನರ್ಧ ಕೆರಿಸಿಕ್‌ಗೆ. ಕಾಯಿಯನ್ನು ಒಣ ಬಾಣಲೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು, ಬಿಸಿ ಇರುವಾಗಲೇ ಕಲ್ಲಿನಲ್ಲಿ ಕುಟ್ಟಬೇಕು. ಮೊದಲು ಪುಡಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬಾರದು. ಕುಟ್ಟುತ್ತಾ ಹೋದರೆ ಎಣ್ಣೆ ಬಿಟ್ಟು ಹೊಳೆಯುವ ಮುದ್ದೆಯಾಗುತ್ತದೆ. ರೆಂದಾಂಗ್‌ನ ಮೈ ಅಂದರೆ ಇದೇ. ಕೋಳಿ ಬೆಂದು ಹಾಲು ಬತ್ತಿದ ಮೇಲೆ ಇದನ್ನು ಬೆರೆಸಿ, ಹಿತ್ತಲಿನ ಅರಿಶಿನ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಿದರು.

ಅರಿಶಿನ ಎಲೆ ಕಂಡ ಮೇಲೆ ನನಗೆ ಸುಮ್ನೆ ಇರಲು ಆಗಲಿಲ್ಲ. ನಾಗರಪಂಚಮಿಗೆ ನಮ್ಮಲ್ಲಿ ಅದರಲ್ಲಿ ಸಿಹಿ ಕಡುಬು ಮಾಡುತ್ತೇವೆ ಅಂದೆ. ಮಕ್‌ಚಿಕ್‌ಗೆ ನಂಬಿಕೆ ಬರಲಿಲ್ಲ. ಅವರಿಗೆ ಅದು ಮಾಂಸಕ್ಕೆ, ಮೀನಿಗೆ ಹಾಕುವ ಎಲೆ. "ಮಾಡು ನೋಡೋಣ" ಅಂದರು. ಮನೆಯಲ್ಲಿ ಅಕ್ಕಿಹಿಟ್ಟು ಇತ್ತು, ಕಾಯಿ ಇತ್ತು, ಬೆಲ್ಲಕ್ಕೆ ಗುಲಾ ಮೆಲಾಕಾ. ಹಿಟ್ಟು ಕಲಸಿ ಎಲೆಗೆ ಸವರಿ, ಹೂರಣ ಇಟ್ಟು, ಮಡಚಿ, ಅವರು ಕುಯಿಹ್ ಅನ್ನುವ ತಿಂಡಿ ಬೇಯಿಸುವ ಪಾತ್ರೆಯಲ್ಲೇ ಹಬೆಗೆ ಇಟ್ಟೆ. ಮುಚ್ಚಳ ತೆಗೆದಾಗ ಬಂದ ಪರಿಮಳಕ್ಕೆ ಮಕ್ಕಳು ಒಳಗೆ ಓಡಿ ಬಂದರು. ಮಕ್‌ಚಿಕ್ ಎಲೆ ಬಿಡಿಸಿ ಒಂದು ತಿಂದರು, ಇನ್ನೊಂದು ತೆಗೆದುಕೊಂಡರು. ಹಿಟ್ಟಿಗೆ ಸ್ವಲ್ಪ ತೆಂಗಿನ ಹಾಲು ಹಾಕಿದ್ದರೆ ಮೆದು ಬರುತ್ತಿತ್ತು ಅಂದರು. ಪೆಟಾಲಿಂಗ್ ಜಯಾಕ್ಕೆ ಬಂದ ಮೇಲೆ ಹಾಗೇ ಮಾಡಿ ನೋಡಿದೆ. ಅವರ ಮಾತು ನಿಜ.

ಹೊರಡುವಾಗ ಅಸಮ್ ಕೆಪಿಂಗ್ ಒಂದು ಚೀಲ, ದೌನ್ ಕೆಸುಮ್‌ನ ನಾಲ್ಕು ಕಡ್ಡಿ ಕಟ್ಟಿಕೊಟ್ಟರು. ಕಡ್ಡಿ ನೀರಲ್ಲಿಟ್ಟರೆ ಬೇರು ಬಿಡುತ್ತದೆ. ಈಗ ಬಾಲ್ಕನಿಯ ಕುಂಡದಲ್ಲಿ ಚೆನ್ನಾಗಿ ಹಬ್ಬಿದೆ. ಬಂಗುಡೆ ತಂದ ದಿನ ಅರ್ಧ ಪುಳಿಮುಂಚಿಗೆ, ಅರ್ಧ ಲಕ್ಸಾಕ್ಕೆ. ಜೂನ್ ಹೊತ್ತಿಗೆ ಡುರಿಯನ್ ಬೀಳಲು ಶುರುವಾಗುತ್ತದೆ, ಆಗ ಮತ್ತೆ ಬನ್ನಿ ಅಂದಿದ್ದಾರೆ ಮಕ್‌ಚಿಕ್. ಮರದಿಂದ ತಾನಾಗಿ ಬಿದ್ದ ಹಣ್ಣನ್ನು ಅಂದೇ ತಿನ್ನಬೇಕಂತೆ. ರಜೆಯ ದಿನಗಳಲ್ಲಿ ಬಟರ್‌ವರ್ತ್ ರೈಲು ಬೇಗ ತುಂಬುತ್ತದೆ, ಟಿಕೆಟ್ ಈಗಲೇ ನೋಡಬೇಕು.